ಇನ್ಫಿನಿಯಾ ಇದೆ, ಆದರೂ ತರಕಾರಿಗೆ ರುಪೇ

ಎಚ್‌ಡಿಎಫ್‌ಸಿಯ ಇನ್ಫಿನಿಯಾ ಮೆಟಲ್ ಕ್ರೆಡಿಟ್ ಕಾರ್ಡನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನೋಡಿದವರೆಲ್ಲ ಮೊದಲು ಕೇಳುವುದು "ಹೇಗೆ ಸಿಕ್ತು?" ಅಂತ. ಇದು ಸಾಮಾನ್ಯವಾಗಿ ಬ್ಯಾಂಕೇ ಕರೆದು ಕೊಡುವ ಕಾರ್ಡ್. ದೊಡ್ಡ ಸಂಬಳ ಇದ್ದರೆ ಸಾಕು ಎಂದು ಜನ ಅಂದುಕೊಳ್ಳುತ್ತಾರೆ. ನನಗೆ ದಾರಿ ಮಾಡಿದ್ದು ಅದೇ ಬ್ಯಾಂಕಿನ ಹಳೆಯ ರೆಗಾಲಿಯಾ ಕಾರ್ಡ್. ಮನೆ ಖರ್ಚೆಲ್ಲ ಅದರಲ್ಲೇ ಮಾಡಿದೆ, ಪ್ರತಿ ಸಲ ಪೂರ್ತಿ ಬಿಲ್ ಕಟ್ಟಿದೆ, ಲಿಮಿಟ್ ಏರಿಸುತ್ತೇವೆ ಎಂದಾಗ ಹೂಂ ಎಂದೆ. ಆಮೇಲೆ ಐಟಿ ರಿಟರ್ನ್ ಕೊಟ್ಟು ಅಪ್‌ಗ್ರೇಡ್ ಕೇಳಿದೆ. ಹತ್ತು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಹಾಕುವುದಕ್ಕಿಂತ ಇದು ನಿಧಾನ, ಆದರೆ ನಮ್ಮ ಸಾಲದ ಇತಿಹಾಸ ಹೇಳುವ ಸಿಬಿಲ್ ವರದಿಯಲ್ಲಿ ಸುಮ್ನೆ ವಿಚಾರಣೆಗಳ ಸಾಲು ಬೆಳೆಯುವುದಿಲ್ಲ.

ನಾನು ತೆಗೆದುಕೊಂಡಾಗ ವಾರ್ಷಿಕ ಫೀಸು 12,500, ಜಿಎಸ್‌ಟಿ ಸೇರಿ 14,750 ರೂಪಾಯಿ. ಕಟ್ಟಿದರೆ 12,500 ರಿವಾರ್ಡ್ ಪಾಯಿಂಟ್ ಬರುತ್ತದೆ. 150 ರೂಪಾಯಿ ಖರ್ಚಿಗೆ 5 ಪಾಯಿಂಟ್, ಅಂದರೆ ಒಂದು ಲಕ್ಷಕ್ಕೆ ಸುಮಾರು 3,300. ಅದರ ಬೆಲೆ ಎಷ್ಟು ಅನ್ನೋದು ನೀವು ಅದನ್ನು ಎಲ್ಲಿ ಕರಗಿಸುತ್ತೀರಿ ಅನ್ನೋದರ ಮೇಲೆ ನಿಂತಿದೆ. ಬ್ಯಾಂಕಿನ ಬುಕಿಂಗ್ ತಾಣ ಸ್ಮಾರ್ಟ್‌ಬೈನಲ್ಲಿ ವಿಮಾನ, ಹೋಟೆಲ್‌ಗೆ ಬಳಸಿದರೆ ಪಾಯಿಂಟಿಗೆ ಒಂದು ರೂಪಾಯಿ. ಬಿಲ್ಲಿನಲ್ಲೇ ಕಳೆದುಕೊಳ್ಳಿ ಎಂದರೆ 30 ಪೈಸೆ. ಅದೇ 3,300 ಪಾಯಿಂಟು ಸಾವಿರ ರೂಪಾಯಿಗೆ ಇಳಿಯಿತು! ಟಿಕೆಟ್ಟಿನ ಪೂರ್ತಿ ಹಣವನ್ನೂ ಪಾಯಿಂಟಿನಲ್ಲಿ ಕೊಡಲಾಗದು, 70% ಮಿತಿ ಇದೆ. ವರ್ಷಕ್ಕೊಮ್ಮೆಯೂ ವಿಮಾನ ಹತ್ತದವರಿಗೆ ಈ ಕಾರ್ಡ್ ಬೇಡವೇ ಬೇಡ. ಬೆಂಗಳೂರಿನಲ್ಲಿ ಬಹಳ ಜನರ ದೊಡ್ಡ ಖರ್ಚು ಬಾಡಿಗೆ ಅಲ್ವಾ? ಅದಕ್ಕೆ ಇಲ್ಲಿ ಪಾಯಿಂಟೇ ಇಲ್ಲ.

ಈ ಕಾರ್ಡಿಗೆ ಸಿಗುವ ಏರ್‌ಪೋರ್ಟ್ ಲೌಂಜ್ ಚೆನ್ನಾಗಿದೆ, ಖಾಲಿ ಇದ್ದಾಗ.

ಜೊತೆಗೆ ಇನ್ನೆರಡೇ ಕಾರ್ಡ್ ಇಟ್ಟುಕೊಂಡಿದ್ದೇನೆ. ಅಮೆಜಾನ್ ಪೇ ಐಸಿಐಸಿಐಗೆ ವಾರ್ಷಿಕ ಫೀಸು ಇಲ್ಲ, ಪ್ರೈಮ್ ಇದ್ದರೆ ಅಮೆಜಾನ್ ಖರೀದಿಗೆ 5% ವಾಪಸ್. ಇನ್ನೊಂದು ರುಪೇ ಕಾರ್ಡ್, ಯುಪಿಐಗೆ ಜೋಡಿಸಿದ್ದು. ಯುಪಿಐಗೆ ಸೇರುವ ಕ್ರೆಡಿಟ್ ಕಾರ್ಡ್ ರುಪೇ ಮಾತ್ರ. ಇನ್ಫಿನಿಯಾ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಆದ್ದರಿಂದ ತರಕಾರಿ ಅಂಗಡಿಯ ಕ್ಯೂಆರ್ ಮುಂದೆ ಅದರ ಆಟ ನಡೆಯುವುದಿಲ್ಲ.

ನಾಲ್ಕನೆಯದು ಬೇಡ ಅನಿಸಿದ್ದು ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನ ಕಥೆ ನೋಡಿದ ಮೇಲೆ. ತಿಂಗಳಿಗೆ ಒಂದು ಲಕ್ಷ ಖರ್ಚಿಗೆ 25,000 ಪಾಯಿಂಟ್ ಎಂದು ಜನ ಮುಗಿಬಿದ್ದು ತೆಗೆದುಕೊಂಡರು. 2023ರ ಸೆಪ್ಟೆಂಬರ್‌ನಲ್ಲಿ ಆ ಬೋನಸ್ಸೇ ನಿಂತಿತು. ಹಾಗಾಗಿ ನಾನು ಪಾಯಿಂಟ್ ಕೂಡಿಡುವುದಿಲ್ಲ, ಬಂದ ಹಾಗೇ ಟಿಕೆಟ್ ಮಾಡುತ್ತೇನೆ.

ಮೂರಕ್ಕೂ ಆಟೋ ಡೆಬಿಟ್ ಇದೆ, "ಒಟ್ಟು ಬಾಕಿ"ಗೆ. ಅರ್ಜಿಯಲ್ಲಿ "ಕನಿಷ್ಠ ಬಾಕಿ"ಗೆ ಟಿಕ್ ಬಿದ್ದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಕನಿಷ್ಠ ಮಾತ್ರ ಕಟ್ಟಿದರೆ ಖರೀದಿಸಿದ ದಿನದಿಂದಲೇ ಬಡ್ಡಿ, ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಹೋಗುತ್ತವೆ. ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳಲ್ಲಿ ಬಡ್ಡಿ ವರ್ಷಕ್ಕೆ 40% ದಾಟುವುದು ಮಾಮೂಲು. ಅದರ ಮುಂದೆ 3.3% ಲಾಭ ಯಾವ ಲೆಕ್ಕ?

"ನಿನ್ನ ಕಾರ್ಡಲ್ಲಿ ಉಜ್ಜು, ದುಡ್ಡು ಜಿಪೇ ಮಾಡ್ತೀನಿ" ಎನ್ನುವ ಗೆಳೆಯರಿಗೆ ನಗುತ್ತಲೇ ಇಲ್ಲ ಎನ್ನುತ್ತೇನೆ. ವರ್ಷಕ್ಕೆ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕಾರ್ಡ್ ಬಿಲ್ ಕಟ್ಟಿದರೆ ಬ್ಯಾಂಕ್ ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಊರವರ ಖರ್ಚೆಲ್ಲ ನನ್ನ ಹೆಸರಲ್ಲಿ ಯಾಕೆ?

ಬೇಡದ ಒಂದು ಹಳೆ ಕಾರ್ಡ್ ಮುಚ್ಚಲು ಹೋದಾಗ ಆ ಬ್ಯಾಂಕಿನವರು ಆಫರ್ ಮೇಲೆ ಆಫರ್ ಹೇಳುತ್ತಾ ಎಳೆದರು. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು ಎಂಬುದು ಆರ್‌ಬಿಐ 2022ರಲ್ಲಿ ತಂದ ನಿಯಮ. ಅದನ್ನು ಬರೆದು ಇಮೇಲ್ ಹಾಕಿದೆ. ಆಮೇಲೆ ಆಫರ್ ಫೋನ್ ಬರಲಿಲ್ಲ, ಕಾರ್ಡ್ ಮುಚ್ಚಿದೆ ಎಂಬ ಮೆಸೇಜ್ ಬಂತು.