ಅಪ್ಪನ ಇಂಜಿನ್‌ಗೆ ಸರಿಯಾದ ಕಪ್ಪು

ಅಪ್ಪ ಮೈಸೂರು–ಚಾಮರಾಜನಗರ ಮೀಟರ್ ಗೇಜ್ ಲೈನಿನಲ್ಲಿ ಫೈರ್‌ಮನ್, ಅಂದರೆ ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವವರು, ಆಗಿದ್ದವರು. ಎಂಬತ್ತು ತುಂಬಿದಾಗ ಅವರಿಗೊಂದು ವೈಪಿ, ಅಂದರೆ ಮೀಟರ್ ಗೇಜಿನ ಪ್ಯಾಸೆಂಜರ್ ರೈಲು ಎಳೆಯುತ್ತಿದ್ದ ಸ್ಟೀಮ್ ಇಂಜಿನ್ನಿನ ಮಾದರಿ ಕೊಡಬೇಕು ಅಂತ ಆಸೆಪಟ್ಟು ಹುಡುಕಿದೆ. ಸಿಗಲಿಲ್ಲ. ಕೈಗೆ ಬಂದದ್ದು ಎಚ್‌ಒ ಅಳತೆಯ, ಅಂದರೆ 1:87ರ, ಸೆಕೆಂಡ್ ಹ್ಯಾಂಡ್ ಮಾದರಿ, ಅದೂ ಜರ್ಮನಿಯ 01 ಅನ್ನುವ ಇಂಜಿನ್ನಿನದು. ಚಕ್ರಗಳ ಜೋಡಣೆ ಎರಡರದ್ದೂ 4-6-2, ಅಂದರೆ ಮುಂದೆ ನಾಲ್ಕು, ನಡುವೆ ದೊಡ್ಡವು ಆರು, ಹಿಂದೆ ಎರಡು. ಮಿಕ್ಕಂತೆ ಗಾಲಿಯ ಕೆಂಪು ಬಣ್ಣದಿಂದ ಹಿಡಿದು ಎಲ್ಲವೂ ಬೇರೆ.

ಇದನ್ನು ನಮ್ಮ ಕಡೆಯ ಇಂಜಿನ್ ಮಾಡಿಕೊಟ್ಟವರು ಅಶೋಕಪುರಂ ಹತ್ತಿರ ಮನೆಯ ಶೆಡ್ಡಿನಲ್ಲೇ ಕೆಲಸ ಮಾಡುವ ಒಬ್ಬ ಪೇಂಟರ್. ಬೋರ್ಡು ಗೀರ್ಡು ಏನೂ ಇಲ್ಲ. ನಾನು "ಪೂರ್ತಿ ಕಪ್ಪು ಹೊಡೆದುಬಿಡಿ" ಅಂದೆ. "ಯಾವ ಕಪ್ಪು?" ಅಂದರು. ಬಾಯ್ಲರ್ ಮೇಲೆ ಶಾಖ ತಡೆಯುವ ಹೊದಿಕೆ, ಅದರ ಮೇಲೆ ತಗಡು ಇರುತ್ತೆ. ಆದ್ದರಿಂದ ಅಲ್ಲಿ ಬಣ್ಣ ನಿಲ್ಲುತ್ತೆ, ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಹೊಳೆಯುತ್ತೆ. ಮುಂದೆ ಹೊಗೆ ಸೇರುವ ಸ್ಮೋಕ್‌ಬಾಕ್ಸ್‌ಗೆ ಆ ಹೊದಿಕೆ ಇಲ್ಲ, ಬಿಸಿಗೆ ಬಣ್ಣ ಸುಟ್ಟು ಬೂದುಗಪ್ಪಾಗುತ್ತೆ. ಇಷ್ಟು ಹೇಳಿ, ಭಾನುವಾರ ನನ್ನನ್ನು ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋದರು. 1979ರಲ್ಲಿ ಶುರುವಾದ ಆ ಮ್ಯೂಸಿಯಂಗೆ ಶಾಲೆಯಿಂದ ಎಷ್ಟು ಸಲ ಹೋಗಿದ್ದೆನೋ, ಇಂಜಿನ್ನಿನ ಮೈಯನ್ನು ಹೀಗೆ ಯಾವತ್ತೂ ನೋಡಿರಲಿಲ್ಲ.

ಅಡ್ವಾನ್ಸ್ ಮುಟ್ಟುವ ಮೊದಲೇ ಒಂದು ಮಾತು ನೇರವಾಗಿ ಹೇಳಿದರು. ಅಸಲಿ 01ರ ದೊಡ್ಡ ಗಾಲಿ ಎರಡು ಮೀಟರ್, ವೈಪಿಯದು 1372 ಮಿಲಿಮೀಟರ್. ಅದನ್ನು ಬದಲಿಸಲು ಹೋದರೆ ಇಂಜಿನ್ ಓಡುವುದೇ ನಿಲ್ಲುತ್ತೆ. ಹಾಗಾಗಿ ಗಾಲಿ ಎತ್ತರ ಹಾಗೇ ಉಳಿಯುತ್ತೆ, ಒಪ್ಪಿಗೆ ಇದ್ದರೆ ಮಾತ್ರ ಕೊಡಿ ಅಂದರು. ಅಲ್ಲೇ ನನಗೆ ನಂಬಿಕೆ ಬಂತು.

ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ ಕರಗುತ್ತೆ ಅಂತ ಬಾಡಿಯನ್ನು ರಾತ್ರಿಯಿಡೀ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಹಳೇ ಬಣ್ಣ ತೆಗೆದರು. ನಮ್ಮ ಮೀಟರ್ ಗೇಜಿನಲ್ಲಿ ಡಿಕ್ಕಿಯ ಪೆಟ್ಟು ತಡೆಯುವ ಬಫರ್ ನಡುವೆ ಒಂದೇ ಅಲ್ಲವಾ, ಅದಕ್ಕೆ ಅಕ್ಕಪಕ್ಕದ ಎರಡನ್ನೂ ಕತ್ತರಿಸಿ, ತೂತಿಗೆ ಪುಟ್ಟಿ ತುಂಬಿ ಉಜ್ಜಿದರು. ಪ್ಲಾಸ್ಟಿಕ್ ಕಡ್ಡಿಗಳನ್ನು ಒಂದೊಂದಾಗಿ ಅಂಟಿಸಿ ಮುಂದೆ ಕೌ ಕ್ಯಾಚರ್, ಅಂದರೆ ಹಳಿಗೆ ಅಡ್ಡ ಬಂದದ್ದನ್ನು ಬದಿಗೆ ತಳ್ಳುವ ಜಾಲರಿ, ಕೂರಿಸಿದರು. ಬೂದು ಪ್ರೈಮರ್ ಮೇಲೆ ಏರ್‌ಬ್ರಷ್‌ನಲ್ಲಿ ತೆಳುವಾಗಿ ಮೂರು ಕೋಟ್. ರಿವಿಟ್ ಒಂದೂ ಮುಚ್ಚಿಹೋಗಿಲ್ಲ. ಇಂಜಿನ್ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರಿನ ಪ್ಲಾಸ್ಟಿಕ್ ಕಲ್ಲಿದ್ದಲು ಕಿತ್ತು ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ ಅಂಟಿಸಿದ್ದಾರೆ.

ಒಟ್ಟು 7,500 ರೂಪಾಯಿ. ಕೆಲಸಕ್ಕೆ ಇದು ಹೆಚ್ಚಲ್ಲ.

ಆದರೆ ಮೂರು ವಾರ ಅಂದದ್ದು ಏಳು ವಾರವಾಯಿತು. ಆಷಾಢದ ಜಿಟಿಜಿಟಿ ಮಳೆಯಲ್ಲಿ ಸ್ಪ್ರೇ ಮಾಡಿದರೆ ತೇವಕ್ಕೆ ಬಣ್ಣ ಬಿಳಿಚುತ್ತೆ, ಒಪ್ಪಿದೆ. ಅದನ್ನು ಒಂದು ಫೋನ್ ಮಾಡಿ ಹೇಳಬಹುದಿತ್ತು. ಮನೆಗೆ ತಂದು ಹಳಿ ಮೇಲಿಟ್ಟರೆ ಇಂಜಿನ್ ತಡವರಿಸಿ ತಡವರಿಸಿ ನಿಂತಿತು. ಕರೆಂಟ್ ಬರುವುದೇ ಗಾಲಿಯಿಂದ, ಆ ಗಾಲಿಯ ಅಂಚಿಗೆ ಬಣ್ಣ ಹಾರಿತ್ತು. ವಾಪಸ್ ಒಯ್ದಾಗ ಹತ್ತೇ ನಿಮಿಷದಲ್ಲಿ ಒರೆಸಿ ಸರಿಮಾಡಿದರು. ಕೊಡುವ ಮೊದಲೇ ಒಂದು ಸುತ್ತು ಓಡಿಸಿ ನೋಡಬೇಕಿತ್ತು. ನೀವು ಕೊಡುವುದಾದರೆ ಎದುರಿಗೇ ಓಡಿಸಿ ಅಂತ ಕೇಳಿ. ಟೆಂಡರಿನ ಅಕ್ಷರದ ಸ್ಟಿಕರ್ ಸುತ್ತ ಲೈಟ್ ಬಿದ್ದರೆ ಈಗಲೂ ಸಣ್ಣ ಬಿಳಿ ಅಂಚು ಕಾಣುತ್ತೆ.

ಅಪ್ಪ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಗಾಲಿ ದೊಡ್ಡದಾಯಿತು ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಸ್ಮೋಕ್‌ಬಾಕ್ಸಿನ ಬಾಗಿಲು ತೋರಿಸಿ, "ಇದರ ಕೆಳಗೆ ಬೂದಿ ಚೆಲ್ಲಿರ್ತಿತ್ತು ಮಗಳೇ, ಎಳೆದೆಳೆದು ನಾವೇ ತೆಗೀತಿದ್ವಿ. ಎಲ್ಲಿ ಅದು?" ಅಂದರು.

ಮರುದಿನ ಮತ್ತೆ ಅಶೋಕಪುರಂಗೆ ಹೋದೆ. ಪೇಂಟರ್ ಕೇಳಿ ನಕ್ಕು, ಬಾಗಿಲ ಕೆಳಗೆ ಒಂದು ಚಿಟಿಕೆ ಬೂದು ಪುಡಿ ಉದುರಿಸಿ, ಮೆಲ್ಲಗೆ ಊದಿ ಕೊಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.