‘ಬೊಗಳೋದು ನಿಲ್ಸಿ ಕೊಡ್ತೀವಿ’ ಅನ್ನುವವರ ಕೈಗೆ ನಾಯಿ ಒಪ್ಪಿಸಬೇಡಿ

ನಾಯಿ ಬೊಗಳುತ್ತದೆಂದು ಅಕ್ಕಪಕ್ಕದವರು ದೂರು ಕೊಟ್ಟು, ಮುಂದೇನು ಎಂದು ತೋಚದೆ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಗಾಬರಿಯ ಮೇಲೆಯೇ ನಡೆಯುವ ಒಂದು ದಂಧೆ ಬೆಂಗಳೂರಿನಲ್ಲಿದೆ. ನಾಯಿಯನ್ನು ಊರಾಚೆಯ ತೋಟಕ್ಕೆ ಒಯ್ದು, ಒಂದಷ್ಟು ದಿನ ಇಟ್ಟುಕೊಂಡು, ಬಾಯಿ ಮುಚ್ಚಿಸಿ ವಾಪಸ್ ಕೊಡುತ್ತಾರೆ. ನಮ್ಮ ಕೆಂಪನನ್ನು ಹಾಗೆ ಕಳಿಸಿದ್ದೆವು. ಆ ಜಾಗದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೋರ್ಡು ಬದಲಾದರೂ ಮಾತಿನ ವರಸೆ ಬದಲಾಗುವುದಿಲ್ಲ, ನೀವು ಗುರುತು ಹಿಡಿಯಬೇಕಾದ್ದು ಅದನ್ನು.

ಕೆಂಪ ಬೀದಿಯಿಂದ ಬಂದ ನಾಡುನಾಯಿ. ನಮ್ಮದು 30x40 ಸೈಟುಗಳ ಸಾಲು. ಒಬ್ಬರ ಅಡುಗೆಮನೆ ಕಿಟಕಿಯಿಂದ ಇನ್ನೊಬ್ಬರ ಒಗ್ಗರಣೆ ವಾಸನೆ ಬರುವಷ್ಟು ಹತ್ತಿರ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮಗಳು ಕಾಲೇಜಿಗೆ. ಮೊದಲು ಗೇಟಿನ ಹತ್ತಿರ ಬಂದು ಹೇಳಿದವರು ಹಿಂದಿನ ಮನೆಯ ನಿವೃತ್ತ ಮೇಷ್ಟ್ರು. "ನೋಡಮ್ಮ, ಬೇಜಾರು ಮಾಡ್ಕೋಬೇಡ. ನೀವೆಲ್ಲ ಹೊರಟ ಮೇಲೆ ಒಂದೇ ಸಮ ಕೂಗುತ್ತೆ. ನಮ್ಮನೆಯವಳಿಗೆ ಮಧ್ಯಾಹ್ನ ಮಲಗೋಕೇ ಆಗ್ತಿಲ್ಲ." ನಾವು ಮನೆಯಲ್ಲಿದ್ದಾಗ ಸೋಫಾ ಕೆಳಗೆ ಬಿದ್ದುಕೊಂಡಿರುವ ನಾಯಿ ಅದು. ಮೇಷ್ಟ್ರು ಸ್ವಲ್ಪ ದೊಡ್ಡದು ಮಾಡಿ ಹೇಳುತ್ತಿದ್ದಾರೆ ಅನ್ನಿಸಿತು. ಆಮೇಲೆ ಎದುರು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದ, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ಹುಡುಗ 112ಕ್ಕೆ ಫೋನ್ ಮಾಡಿದ. ಹೊಯ್ಸಳ ಗಾಡಿ ಬಂತು. ಬಂದವರು ಸಮಾಧಾನವಾಗಿಯೇ ಮಾತಾಡಿ ಹೋದರು. ಆದರೆ ಮನೆ ಮುಂದೆ ಪೊಲೀಸ್ ಗಾಡಿ ನಿಂತರೆ ರಸ್ತೆಯಲ್ಲಿ ಏನಾಗುತ್ತದೆ ಎಂದು ನಿಮಗೂ ಗೊತ್ತು. ಅವತ್ತು ಸಂಜೆಯೇ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ‘ದೂರ ಎಲ್ಲಾದ್ರೂ ಬಿಟ್ಟು ಬನ್ನಿ’ ಎಂದರು, ಇನ್ನೊಬ್ಬರು ಟ್ರೈನರ್ ನಂಬರ್ ಕಳಿಸಿದರು.

ಟ್ರೈನರ್ ಮರುದಿನವೇ ಬಂದ. ಕೆಂಪನನ್ನು ಹತ್ತು ನಿಮಿಷ ನೋಡಿರಬಹುದು. "ಮೇಡಂ, ಇದು ನಿಮ್ಮನ್ನ ಬಾಸ್ ಅಂತ ಒಪ್ಕೊಂಡಿಲ್ಲ. ನಮ್ಮ ಫಾರ್ಮಲ್ಲಿ ಬಿಡಿ, ತಿಂಗಳೊಳಗೆ ಬೊಗಳೋದು ನಿಲ್ಸಿ ಕೊಡ್ತೀವಿ, ಗ್ಯಾರಂಟಿ." ನಾಯಿ ಯಾವಾಗ ಬೊಗಳುತ್ತದೆ ಎಂದು ಅವನು ಕೇಳಲಿಲ್ಲ. ಎಷ್ಟು ಹೊತ್ತು ಒಂಟಿಯಾಗಿರುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ, ಯಾವುದಕ್ಕಾದರೂ ಹೆದರುತ್ತದೆಯೇ, ಒಂದನ್ನೂ ಕೇಳಲಿಲ್ಲ. ಇಪ್ಪತ್ತು ಸಾವಿರದ ಮೇಲೆ ಹಣ, ಪೂರ್ತಿ ಮುಂಗಡ, ಯಾರದೋ ಸ್ವಂತ ಯುಪಿಐ ನಂಬರಿಗೆ. ರಸೀದಿ ಕೇಳಿದ್ದಕ್ಕೆ ಸಿಕ್ಕಿದ್ದು ಒಂದು ಅಚ್ಚು ಹಾಕಿದ ಹಾಳೆ. ನಾಯಿಯ ಆರೋಗ್ಯಕ್ಕೆ, ಗಾಯಕ್ಕೆ, ತಪ್ಪಿಸಿಕೊಂಡು ಹೋದರೆ ಅದಕ್ಕೂ ಸಂಸ್ಥೆ ಹೊಣೆಯಲ್ಲ ಎಂದು ಸಣ್ಣಕ್ಷರದಲ್ಲಿತ್ತು. ‘ಗ್ಯಾರಂಟಿ’ ಅನ್ನುವ ಮಾತು ಮಾತ್ರ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ನೋಡಿಕೊಂಡು ಬರುತ್ತೇವೆಂದರೆ ಬೇಡವೆಂದರು. ಓನರ್ ಮುಖ ಕಂಡರೆ ಟ್ರೈನಿಂಗ್ ಹಾಳಾಗುತ್ತದಂತೆ. ದಿನಾ ಒಂದು ವಿಡಿಯೊ ಬರುತ್ತಿತ್ತು, ಅರ್ಧ ನಿಮಿಷದ್ದು. ಕೆಂಪ ಸುಮ್ಮನೆ ಕೂತಿದ್ದಾನೆ, ಸುಮ್ಮನೆ ಮಲಗಿದ್ದಾನೆ. ಒಂದು ವಿಡಿಯೊದಲ್ಲಿ ಕುತ್ತಿಗೆಯ ಅಡಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ ಕಾಣಿಸಿತು. ಮಗಳು ಅದನ್ನು ನಿಲ್ಲಿಸಿ ತೋರಿಸಿದಳು. ಫೋನ್ ಮಾಡಿದರೆ, "ವೈಬ್ರೇಷನ್ ಕಾಲರ್ ಮೇಡಂ, ಮೊಬೈಲ್ ಥರ ಅಷ್ಟೇ, ನೋವಾಗಲ್ಲ."

ವಾಪಸ್ ಬಂದ ಕೆಂಪನ ಕುತ್ತಿಗೆಯಲ್ಲಿ ಕೂದಲು ಉದುರಿದ ಎರಡು ದುಂಡನೆ ಗಾಯಗಳಿದ್ದವು. ಒಂದರಲ್ಲಿ ಕೀವು. ಬೊಗಳಿದರೆ ಕರೆಂಟ್ ಶಾಕ್ ಹೊಡೆಯುವ ಕಾಲರ್‌ನ ಎರಡು ಲೋಹದ ಮೊಳೆಗಳು ಚರ್ಮಕ್ಕೆ ಒತ್ತಿಕೊಂಡೇ ಇದ್ದರೆ ಹೀಗಾಗುತ್ತದೆ ಎಂದು ಪಶುವೈದ್ಯರು ನೋಡಿದ ತಕ್ಷಣ ಹೇಳಿದರು. ಇಂಥ ಕಾಲರ್ ತಯಾರಿಸುವವರೇ ತಮ್ಮ ಕೈಪಿಡಿಗಳಲ್ಲಿ ಒಂದೆರಡು ಗಂಟೆಗೊಮ್ಮೆ ಅದರ ಜಾಗ ಬದಲಿಸಿ, ದಿನವಿಡೀ ಹಾಕಿಡಬೇಡಿ ಎಂದು ಬರೆದಿರುತ್ತಾರೆ. ವೇಲ್ಸ್‌ನಲ್ಲಿ 2010ರಲ್ಲೇ ಶಾಕ್ ಕಾಲರ್ ನಿಷೇಧವಾಗಿದೆ. ನಮ್ಮಲ್ಲಿ ಆನ್‌ಲೈನಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತದೆ. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಬೊಗಳುವ ಸದ್ದನ್ನು ಮೈಕ್‌ನಲ್ಲಿ ಹಿಡಿದು ಶಾಕ್ ಕೊಡುವ ಅಗ್ಗದ ಕಾಲರ್‌ಗಳಿಗೆ ಯಾವ ನಾಯಿ ಬೊಗಳಿತು ಎಂಬ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಸಾಲಾಗಿ ನಾಯಿಗಳನ್ನು ಕಟ್ಟಿದ ಜಾಗದಲ್ಲಿ ಪಕ್ಕದ್ದು ಬೊಗಳಿದರೂ ಇದಕ್ಕೆ ಶಾಕ್ ಹೊಡೆಯಬಹುದು. ಅಂದರೆ ಸುಮ್ಮನಿದ್ದರೂ ಶಿಕ್ಷೆ.

ಮೈತುಂಬ ರಕ್ತ ಹೀರುವ ಉಣ್ಣೆ ಹುಳು ಬೇರೆ. ವಾರದೊಳಗೆ ಜ್ವರ ಬಂತು, ಊಟ ಬಿಟ್ಟ, ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು. ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್. ನಾಲ್ಕು ವಾರ ಡಾಕ್ಸಿಸೈಕ್ಲಿನ್. ನಾಯಿಯನ್ನು ಎಲ್ಲಿ ಬಿಡುವುದಾದರೂ, ಒಳ್ಳೆಯ ಜಾಗವೇ ಆಗಿರಲಿ, ಉಣ್ಣೆಯ ಔಷಧಿ ಹಾಕಿಸಿಯೇ ಬಿಡಿ.

ಗಾಯ ಮಾಯಿತು, ಜ್ವರ ಇಳಿಯಿತು. ನಿಜವಾದ ಹಾನಿ ಬೇರೆಯಿತ್ತು. ಕೆಂಪ ಬೊಗಳುತ್ತಿರಲಿಲ್ಲ, ಅಷ್ಟು ಮಾತ್ರ ಅವರು ಹೇಳಿದಂತೆಯೇ ಆಗಿತ್ತು. ಗೇಟು ತೆರೆದರೂ ಇಲ್ಲ, ಅಪರಿಚಿತರು ಬಂದರೂ ಗುರ್ ಅನ್ನುತ್ತಿರಲಿಲ್ಲ. ಮೇಷ್ಟ್ರು ಕೂಡ ಖುಷಿಯಾಗಿ "ಪರವಾಗಿಲ್ಲ ಕಣಮ್ಮ, ಚೆನ್ನಾಗಿ ಕಲಿಸಿದ್ದಾರೆ" ಎಂದರು. ಆಮೇಲೆ ಒಂದು ದಿನ ಕೊರಿಯರ್ ಹುಡುಗ ಲಕೋಟೆ ಚಾಚಿದಾಗ, ಗುರ್ ಇಲ್ಲ, ಹಲ್ಲು ತೋರಿಸಿದ್ದಿಲ್ಲ, ನೇರವಾಗಿ ಕೈಗೇ ಬಾಯಿ ಹಾಕಿದ. ಅದಕ್ಕೆ ಮೊದಲು ಯಾರನ್ನೂ ಕಚ್ಚಿದ ನಾಯಿಯಲ್ಲ. ಕೆಂಪನಿಗೆ ರೇಬೀಸ್ ಲಸಿಕೆ ಆಗಿತ್ತು. ಆದರೂ ಆ ಹುಡುಗನ ಗಾಯವನ್ನು ನಲ್ಲಿ ನೀರು, ಸೋಪು ಹಾಕಿ ಹದಿನೈದು ನಿಮಿಷ ತೊಳೆಸಿ, ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದು ಶುರು ಮಾಡಿಸಿದೆವು. ಅವನು ದೊಡ್ಡ ಮನಸ್ಸಿನವನು, ದೂರು ಕೊಡಲಿಲ್ಲ. ಕೊಟ್ಟಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ. ಸಾಕಿದ ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದ್ದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅದು ಬೀಳುವುದು ನಮ್ಮ ತಲೆಗೆ, ಟ್ರೈನರ್ ತಲೆಗಲ್ಲ.

ವೈದ್ಯರು ಇದನ್ನು ಬಿಡಿಸಿ ಹೇಳಿದರು. ಗುರ್ ಅನ್ನುವುದು, ಬೊಗಳುವುದು ನಾಯಿ ಕೊಡುವ ಎಚ್ಚರಿಕೆ. ಹೆದರಿದ ನಾಯಿಗೆ ಶಾಕ್ ಕೊಟ್ಟರೆ ಹೆದರಿಕೆ ಹೋಗುವುದಿಲ್ಲ, ಎಚ್ಚರಿಕೆ ಕೊಡುವ ಅಭ್ಯಾಸ ಹೋಗುತ್ತದೆ. ಹೊಗೆ ಬಂದರೆ ಕೂಗುವ ಅಲಾರಂನ ವೈರು ಕಿತ್ತು, ಬೆಂಕಿ ಆರಿತು ಎಂದುಕೊಂಡ ಹಾಗೆ. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, "ಯಾವಾಗ ಬೊಗಳ್ತಾನೆ?"

ನಮ್ಮ ಹತ್ತಿರ ಉತ್ತರವಿರಲಿಲ್ಲ. ಉತ್ತರವಿದ್ದದ್ದು ಮೇಷ್ಟ್ರ ಹತ್ತಿರ! ಪೊಲೀಸರಿಗೆ ತೋರಿಸಲೆಂದು ಅವರು ಗೋಡೆಯ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನಲ್ಲಿ ಹೊತ್ತು ಗುರುತು ಹಾಕಿಟ್ಟಿದ್ದರು, ಅದೂ ಮೇಷ್ಟ್ರುಗಳಿಗೇ ಸಾಧ್ಯವಾಗುವ ಅಚ್ಚುಕಟ್ಟಿನಲ್ಲಿ. ಕೇಳಿದಾಗ ಮೊದಲು ಮುಜುಗರಪಟ್ಟರು, ಆಮೇಲೆ ತಂದು ತೋರಿಸಿದರು. ಭಾನುವಾರಗಳೆಲ್ಲ ಖಾಲಿ. ಉಳಿದ ದಿನ, ನಾವು ಹೊರಟ ಕೂಡಲೇ ಶುರು. ನಮ್ಮತ್ತೆ ಊರಿಂದ ಬಂದಿದ್ದ ಇಡೀ ವಾರದಲ್ಲಿ ಒಂದೇ ಒಂದು ಗುರುತಿಲ್ಲ. ಕೆಂಪ ಮತ್ತೆ ಬೊಗಳಲು ಶುರು ಮಾಡಿದ ಮೇಲೆ ಹಳೇ ಮೊಬೈಲನ್ನು ಷೋಕೇಸಿನ ಮೇಲಿಟ್ಟು ರೆಕಾರ್ಡ್ ಮಾಡಿ ನೋಡಿದರೆ ಉಳಿದದ್ದೂ ಗೊತ್ತಾಯಿತು. ಬೀಗ ಹಾಕಿದ ಸದ್ದಿಗೆ ಬಾಗಿಲ ಹತ್ತಿರ ಓಡಿಬಂದು ಕೆರೆಯುವುದು, ಕುಂಯ್‌ಗುಡುವುದು, ಆಮೇಲೆ ಬೊಗಳಾಟ. ಕಸದ ಆಟೋ ಹಾಡು ಹಾಕಿಕೊಂಡು ಬಂದರೆ ಊಳು, ಕಿಟಕಿಯಲ್ಲಿ ಪಾರಿವಾಳ ಕೂತರೆ ಮತ್ತೆ ಒಂದು ಸುತ್ತು. ಬಾಸ್ ಯಾರು ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಒಂಟಿಯಾಗಿರಲು ಆಗದ ಸಂಕಟ ಅದು.

ನಿಮಗೂ ದೂರು ಬಂದಿದ್ದರೆ, ಟ್ರೈನರ್‌ಗೆ ಫೋನ್ ಮಾಡುವ ಮೊದಲು ದೂರು ಕೊಟ್ಟವರ ಮನೆಗೆ ಹೋಗಿ. ಯಾವ ಹೊತ್ತಿಗೆ, ಎಷ್ಟು ಹೊತ್ತು ಎಂದು ಕೇಳಿ ಬರೆದುಕೊಳ್ಳಿ, ನಿಮ್ಮ ನಂಬರ್ ಕೊಟ್ಟು ಬನ್ನಿ. ಜಗಳಕ್ಕೆ ಹೋಗಬೇಡಿ, ಕಾನೂನಿನ ಪ್ರತಿಯನ್ನೂ ಒಯ್ಯಬೇಡಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ನಾಯಿ ಸಾಕುವವರು ಅಸ್ತ್ರದಂತೆ ಹಂಚಿಕೊಳ್ಳುತ್ತಾರೆ. ಬೊಗಳುತ್ತದೆ ಎಂಬ ಕಾರಣಕ್ಕೆ ಸಂಘದವರು ನಾಯಿಯನ್ನೇ ನಿಷೇಧಿಸುವಂತಿಲ್ಲ ಎಂದು ಅದರಲ್ಲಿರುವುದು ನಿಜ. ಎಡೆಬಿಡದ ಬೊಗಳಾಟದಿಂದ ನೆರೆಯವರಿಗೆ ತೊಂದರೆಯಾಗುತ್ತದೆ, ರಾತ್ರಿಯಂತೂ ನಾಯಿಯನ್ನು ಸುಮ್ಮನಿರಿಸಿ ಎಂದೂ ಅದೇ ಕಾಗದದಲ್ಲಿದೆ. ಆ ಸಾಲನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ‘ದೂರ ಬಿಟ್ಟು ಬನ್ನಿ’ ಎನ್ನುವವರಿಗೆ ಮಾತ್ರ ಖಡಾಖಂಡಿತವಾಗಿ ಹೇಳಿ: ಸಾಕಿದ ಪ್ರಾಣಿಯನ್ನು ಅನ್ನ ನೀರಿಲ್ಲದೆ ನರಳುವಂತೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಆ ಕಾಯ್ದೆಯಲ್ಲಿ ಮೊದಲ ಸಲದ ಹಿಂಸೆಗೆ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ. ಕೆಂಪನ ಕುತ್ತಿಗೆಯ ಫೋಟೊ ಹಿಡಿದು ವಕೀಲರ ಹತ್ತಿರ ಹೋದಾಗ ಅವರು ನಕ್ಕಿದ್ದು ಇದಕ್ಕೇ. ತಳಿ ಮಾರಾಟಗಾರರಿಗೆ 2017ರ ನಿಯಮಗಳಿವೆ, ಪೆಟ್ ಶಾಪುಗಳಿಗೆ 2018ರವು. ನಾಯಿ ಟ್ರೈನರ್ ಎಂದು ಬೋರ್ಡು ಹಾಕಲು ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಿಲ್ಲ.

ಎಲ್ಲ ಟ್ರೈನರ್‌ಗಳೂ ಹೀಗೆ ಎನ್ನುತ್ತಿಲ್ಲ. ಈಗ ನಮ್ಮ ಮನೆಗೆ ಬರುವ ಹುಡುಗಿ ಮೊದಲ ದಿನ ನಾಯಿಯನ್ನು ಮುಟ್ಟಲೇ ಇಲ್ಲ, ಬರೀ ಪ್ರಶ್ನೆ ಕೇಳಿ ಬರೆದುಕೊಂಡಳು. ಅವಳು ಹೇಳಿಕೊಟ್ಟದ್ದರಲ್ಲಿ ಮಾಯಮಂತ್ರ ಏನೂ ಇಲ್ಲ. ಬೀಗದ ಕೈ ಎತ್ತಿ ಸದ್ದು ಮಾಡಿ ಮತ್ತೆ ಕೂರುವುದು. ಬಾಗಿಲಾಚೆ ಕೆಲವೇ ಸೆಕೆಂಡು ನಿಂತು, ಅವನು ಕಂಗಾಲಾಗುವ ಮೊದಲೇ ಒಳಗೆ ಬರುವುದು. ಆ ಹೊತ್ತನ್ನು ಬಹಳ ನಿಧಾನ ಹಿಗ್ಗಿಸುವುದು. ಹೊರಡುವ ಮುಂಚೆ ಚೆನ್ನಾಗಿ ಸುತ್ತಾಡಿಸುವುದು, ರಸ್ತೆ ಬದಿಯ ಕಿಟಕಿಯ ಗಾಜಿಗೆ ಮಬ್ಬು ಹಾಳೆ ಅಂಟಿಸುವುದು. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ತಿಂಗಳೊಳಗೆ ಗ್ಯಾರಂಟಿ ಎಂದು ಅವಳು ಹೇಳಲೂ ಇಲ್ಲ. ಅಷ್ಟರವರೆಗೆ ಹಗಲು ಕೆಂಪ ಇರುವುದು ಮೇಲಿನ ಮನೆಯ ಅಜ್ಜಿಯ ಹತ್ತಿರ, ಅವರ ಸೀರಿಯಲ್ ಜೊತೆ. ಗೇಟಿನ ಹತ್ತಿರ ಹೋಗುವಾಗ ಬಾಯಿಕುಕ್ಕೆ ಹಾಕುತ್ತೇವೆ, ಕೊರಿಯರ್ ಏನಿದ್ದರೂ ಹೊರಗಿನ ಡಬ್ಬಿಗೆ. ಎದುರು ಮನೆಯ ಹುಡುಗ ನಾಯಿ ಓಡಿಸುವ ಅಲ್ಟ್ರಾಸೋನಿಕ್ ಯಂತ್ರ ತರಿಸಿದ್ದ. ನಮ್ಮ ಕಿವಿಗೆ ಕೇಳದ ಆ ಸದ್ದಿಗೆ ಕೆಂಪ ಇನ್ನಷ್ಟು ಚಡಪಡಿಸಿದ. ವಿಡಿಯೊ ತೋರಿಸಿ ಮಾತಾಡಿದ ಮೇಲೆ ಅವನೇ ಅದನ್ನು ಆರಿಸಿಟ್ಟ.

ಟ್ರೈನರ್ ಬಂದರೆ ನೀವೇ ಕೇಳಿ: ಕಾಲರ್ ಯಾವುದು, ರಿಮೋಟ್ ಇದೆಯೇ, ನಾನು ಹೇಳದೆ ಕೇಳದೆ ಬಂದು ನೋಡಬಹುದೇ, ಅಲ್ಲಿಗೆ ಬರುವ ಪಶುವೈದ್ಯರು ಯಾರು? ಬಂದು ನೋಡಲು ಬಿಡುವುದಿಲ್ಲ ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ಹಣ ಇನ್ನೂ ವಾಪಸ್ ಬಂದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಬರೆಸಿದ್ದೇವೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಸಿದ್ಧವಾಗುತ್ತಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ನಿಮಗೂ ಹೀಗೇ ಆಗಿದ್ದರೆ ಅವರು ಕಳಿಸಿದ ವಿಡಿಯೊಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಬಿಡುವ ದಿನ ಮತ್ತು ಕರೆತಂದ ದಿನದ ಫೋಟೊ, ಯುಪಿಐ ಸ್ಕ್ರೀನ್‌ಶಾಟ್, ವೈದ್ಯರ ಚೀಟಿ, ಆ ಅಚ್ಚು ಹಾಳೆ, ಎಲ್ಲವನ್ನೂ ಒಂದು ಕಡೆ ಎತ್ತಿಡಿ. ನಮ್ಮ ವಕೀಲರು ಮೊದಲು ಕೇಳಿದ್ದು ಕಪ್ಪು ಡಬ್ಬಿ ಕಾಣುವ ಆ ಅರ್ಧ ನಿಮಿಷದ ವಿಡಿಯೊವನ್ನು.