ಎರಡು ಕಣ್ಣಲ್ಲಿ ಎರಡು ಬಗೆಯ ಲೆನ್ಸ್: ಪೊರೆ ಆಪರೇಷನ್ ಆಗಿ ವರ್ಷಗಳ ಮೇಲೆ

ನನ್ನ ಬಲಗಣ್ಣಲ್ಲಿ ಮಲ್ಟಿಫೋಕಲ್ ಲೆನ್ಸ್ ಇದೆ, ಅಂದರೆ ದೂರಕ್ಕೂ ಹತ್ತಿರಕ್ಕೂ ಆಗುವಂಥದ್ದು. ಎಡಗಣ್ಣಲ್ಲಿ ಮೊನೊಫೋಕಲ್, ಒಂದೇ ದೂರಕ್ಕೆ ಹೊಂದಿಸಿದ್ದು. ಎರಡೂ ಮಡಚಿ ಒಳಗೆ ಕೂರಿಸುವ ಹೈಡ್ರೋಫೋಬಿಕ್ (ನೀರು ಅಷ್ಟಾಗಿ ಹೀರದ) ಅಕ್ರಿಲಿಕ್, ಒಂದು ಬಗೆಯ ಮೆತ್ತನೆ ಪ್ಲಾಸ್ಟಿಕ್. ಒಂದು ಕಣ್ಣು ಮುಚ್ಚಿದರೆ ಸಾಕು, ಹೋಲಿಸಿ ನೋಡಬಹುದು.

ಹಗಲಲ್ಲಿ ಬಲಗಣ್ಣೇ ಮೇಲು. ಕನ್ನಡಕ ಇಲ್ಲದೆ ಪೇಪರ್ ಓದುತ್ತೇನೆ, ಫೋನ್ ನೋಡುತ್ತೇನೆ. ಎಡಗಣ್ಣಿಗೆ ಓದಲು ಕನ್ನಡಕ ಬೇಕೇ ಬೇಕು. ಕತ್ತಲಾದ ಮೇಲೆ ಮಾತ್ರ ಲೆಕ್ಕ ಉಲ್ಟಾ. ಎದುರಿಗೆ ಬರುವ ಪ್ರತಿ ಹೆಡ್‌ಲೈಟ್ ಸುತ್ತಲೂ ಬಲಗಣ್ಣಿಗೆ ಬಳೆ ತೊಡಿಸಿದ ಹಾಗೆ ಬೆಳಕು ಕಾಣುತ್ತದೆ. ಈ ಲೆನ್ಸ್ ಬೆಳಕನ್ನು ದೂರಕ್ಕಿಷ್ಟು, ಹತ್ತಿರಕ್ಕಿಷ್ಟು ಎಂದು ಹಂಚುತ್ತದೆ. ದೂರದ ದೀಪ ನೋಡುವಾಗ ಹತ್ತಿರದ ಪಾಲಿನ ಬೆಳಕು ಕೂಡಿಕೊಳ್ಳದೆ ಸುತ್ತ ಹರಡುತ್ತದೆ. ಮೊದಲಿನಷ್ಟು ಕಾಟ ಈಗಿಲ್ಲ, ಮಿದುಳು ಹೊಂದಿಕೊಂಡಿದೆ. ಆದರೂ ರಾತ್ರಿ ಹೆದ್ದಾರಿಯಲ್ಲಿ ಗಾಡಿ ಓಡಿಸುವವರಿಗೆ ಇದನ್ನು ಹಾಕಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಎಡಗಣ್ಣಿಗೂ ಒಂದು ತೊಂದರೆ ಇದೆ. ಪಕ್ಕದಿಂದ ಟ್ಯೂಬ್‌ಲೈಟ್ ಬಿದ್ದರೆ ಅಂಚಿನಲ್ಲಿ ಒಂದು ಗೆರೆ ಮಿನುಗುತ್ತದೆ. ಲೆನ್ಸಿನ ಅಂಚು ಚೌಕವಾಗಿರುವುದರಿಂದ ಹೀಗಂತೆ. ಅದೇ ಅಂಚು ಲೆನ್ಸಿನ ಹಿಂಬದಿಯಲ್ಲಿ ಮಸುಕು ಕಟ್ಟುವುದನ್ನೂ ಕಡಿಮೆ ಮಾಡುತ್ತದೆ, ಹಾಗಾಗಿ ನನಗೆ ದೂರಿಲ್ಲ.

ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಕೆಲವು ವರ್ಷಗಳ ಮೇಲೆ ಎಡಗಣ್ಣು ನಿಧಾನವಾಗಿ ಮಂಜಾಯಿತು. ಬಿಸಿಲಲ್ಲಿ ಕಣ್ಣು ಕುಕ್ಕುತ್ತಿತ್ತು. ‘ಪೊರೆ ವಾಪಸ್ ಬಂತು’ ಎಂದು ಮನೆಯಲ್ಲಿ ಗಾಬರಿ. ತೆಗೆದ ಪೊರೆ ವಾಪಸ್ ಬರುವುದಿಲ್ಲ. ಲೆನ್ಸ್ ಕೂತಿರುವ ಚೀಲದಲ್ಲಿ ಉಳಿದ ಜೀವಕೋಶಗಳು ಬೆಳೆದು ಅದರ ಹಿಂಬದಿಯ ಪದರ ಮಸುಕಾಗುತ್ತದೆ. ಯಾಗ್ ಲೇಸರ್‌ನಿಂದ ಆ ಪದರದ ನಡುವೆ ಕಿಂಡಿ ಮಾಡಿದರು. ಕೆಲವೇ ನಿಮಿಷದ ಕೆಲಸ, ನೋವಿಲ್ಲ, ಅಡ್ಮಿಟ್ ಆಗಬೇಕಿಲ್ಲ. ಆಮೇಲೆ ಸ್ವಲ್ಪ ದಿನ ಕಪ್ಪು ಚುಕ್ಕಿಗಳು ತೇಲುತ್ತಿದ್ದವು. ಮಿಂಚು ಹೊಡೆದಂತೆ ಆದರೆ, ಪಕ್ಕದಿಂದ ಪರದೆ ಎಳೆದಂತೆ ಕಂಡರೆ ಮಾತ್ರ ತಡಮಾಡದೆ ಓಡಬೇಕು. ಅದು ರೆಟಿನಾದ (ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪದರದ) ತೊಂದರೆ ಇರಬಹುದು.

ಲೇಸರ್‌ಗೆ ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಮಸುಕು ಇರುವುದು ಚೀಲದಲ್ಲೋ ಲೆನ್ಸಿನಲ್ಲೋ? 1949ರಲ್ಲಿ ಲಂಡನ್ನಿನಲ್ಲಿ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ ಮೊದಲು ಕೂರಿಸಿದ್ದು ಗಟ್ಟಿ ಪ್ಲಾಸ್ಟಿಕ್ ಲೆನ್ಸ್. ಈಗಿನ ಮೆತ್ತನೆಯವುಗಳಲ್ಲಿ ಬಗೆಗಳು ಜಾಸ್ತಿ, ಅವು ಕೆಡುವ ರೀತಿಯೂ ಬೇರೆ. ಕೆಲವು ಹೈಡ್ರೋಫಿಲಿಕ್ (ನೀರು ಹೀರುವ) ಲೆನ್ಸ್‌ಗಳಲ್ಲಿ ಕ್ಯಾಲ್ಸಿಯಂ ಕೂತು ಲೆನ್ಸೇ ಬೆಳ್ಳಗಾಗಿದ್ದುಂಟು. ಅಪರೂಪ, ಆದರೆ ಅದಕ್ಕೆ ಲೇಸರ್ ಸುಮ್ನೆ ದಂಡ. ಲೆನ್ಸ್ ಬದಲಿಸಬೇಕಾಗುತ್ತದೆ, ಚೀಲದಲ್ಲಿ ಕಿಂಡಿ ಬಿದ್ದ ಮೇಲೆ ಬದಲಿಸುವುದು ಇನ್ನೂ ಕಷ್ಟ. ನನ್ನ ಬಲಗಣ್ಣಿನ ಲೆನ್ಸಿನೊಳಗೆ ನೀರಿನ ಸಣ್ಣ ಸಣ್ಣ ಗುಳ್ಳೆಗಳಿವೆ. ಹೈಡ್ರೋಫೋಬಿಕ್ ಲೆನ್ಸ್‌ನಲ್ಲಿ ಇದು ಮಾಮೂಲು, ಸಾಮಾನ್ಯವಾಗಿ ನೋಟಕ್ಕೆ ಅಡ್ಡಿಯಿಲ್ಲ ಎಂದರು ಡಾಕ್ಟರು. ನನಗೂ ಏನೂ ಗೊತ್ತಾಗುತ್ತಿಲ್ಲ.

ಲೆನ್ಸಿನ ಕಂಪನಿ, ಮಾಡೆಲ್, ಪವರ್, ಸೀರಿಯಲ್ ನಂಬರ್ ಇರುವ ಸ್ಟಿಕರ್ ಕಾರ್ಡನ್ನು ಡಿಸ್ಚಾರ್ಜ್ ದಿನವೇ ಕೇಳಿ ಪಡೆಯಿರಿ. ಮುಂದೆ ಬೇರೆ ಊರಲ್ಲಿ, ಬೇರೆ ಡಾಕ್ಟರ ಮುಂದೆ ಕೂತಾಗ ಒಳಗಿರುವುದು ಯಾವ ಬಗೆಯದು ಎಂದು ಅದೇ ಹೇಳುತ್ತದೆ.